ಮೊದಲ ದಿನದ ಹಾಲು, ಆರನೇ ತಿಂಗಳ ಹಾಲು

(ಬಾಣಂತಿಯರು, ಮನೆಯ ಹಿರಿಯರು ಮತ್ತು ಆಶಾ, ಅಂಗನವಾಡಿ ಕಾರ್ಯಕರ್ತೆಯರನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

"ಹಾಲು ನೀರಿನ ಹಾಗಿದೆ, ಕೂಸಿಗೆ ಸಾಲುತ್ತಿಲ್ಲ." ಹೆರಿಗೆಯಾಗಿ ಎರಡು ಮೂರು ತಿಂಗಳಾದ ಮನೆಗಳಲ್ಲಿ ಡಬ್ಬಿ ಹಾಲು ಬರುವುದು ಹೆಚ್ಚಾಗಿ ಈ ಮಾತಿನ ಹಿಂದೆಯೇ. ಹೇಳುವವರು ಅತ್ತೆಯಿರಬಹುದು, ಪಕ್ಕದ ಮನೆಯವರಿರಬಹುದು, ಎಷ್ಟೋ ಸಲ ತಾಯಿಯೇ ಇರಬಹುದು. ಹಾಲು ತೆಳ್ಳಗೆ ಕಂಡದ್ದು ಸುಳ್ಳಲ್ಲ. ಆದರೆ ಅದು ಏಕೆ ತೆಳ್ಳಗೆ ಕಂಡಿತು ಎಂದು ತಿಳಿಯದೆ ಮಾಡುವ ಉಪಾಯಗಳಿಂದ ಇದ್ದ ಹಾಲೂ ಕಡಿಮೆಯಾಗುತ್ತದೆ.

ಎದೆಹಾಲಿನ ಪೋಷಕಾಂಶಗಳು ಬದಲಾಗುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಹೆರಿಗೆಯಾಗಿ ಎಷ್ಟು ದಿನವಾಯಿತು ಎಂಬುದನ್ನು ಅನುಸರಿಸಿ ಪ್ರೋಟೀನ್, ಸತು, ಸೋಡಿಯಂ ಬದಲಾಗುತ್ತವೆ. ಆ ಹೊತ್ತಿಗೆ ಎದೆ ಎಷ್ಟು ತುಂಬಿದೆ ಎಂಬುದನ್ನು ಅನುಸರಿಸಿ ಕೊಬ್ಬು ಬದಲಾಗುತ್ತದೆ. ತಾಯಿ ಏನು ಉಣ್ಣುತ್ತಾಳೆ ಎಂಬುದನ್ನು ಅನುಸರಿಸಿ ಬಿ12, ಥಯಾಮಿನ್ (ಬಿ1), ಅಯೋಡಿನ್‌ನಂಥವು ಬದಲಾಗುತ್ತವೆ. ಒಂದಕ್ಕೆ ಮಾಡಬೇಕಾದ ಪರಿಹಾರ ಇನ್ನೊಂದಕ್ಕೆ ನಾಟುವುದಿಲ್ಲ. ತಾಯಿಗೆ ಎಷ್ಟು ತುಪ್ಪ ತಿನ್ನಿಸಿದರೂ ಹಾಲಿನಲ್ಲಿ ಕಬ್ಬಿಣ ಏರುವುದಿಲ್ಲ. ಕಬ್ಬಿಣದ ಮಾತ್ರೆ ನುಂಗಿದರೆ ಹಾಲಿಗೆ ಬಿ12 ಬರುವುದಿಲ್ಲ.

ಮೊದಲ ಮೂರು ದಿನ

ಗರ್ಭದ ನಡುಭಾಗದ ಹೊತ್ತಿಗೇ ಎದೆಯಲ್ಲಿ ಹಾಲಿನ ತಯಾರಿ ಶುರುವಾಗಿರುತ್ತದೆ. ಪ್ರೊಜೆಸ್ಟಿರಾನ್ ಹಾರ್ಮೋನು ಅದನ್ನು ತಡೆದು ಹಿಡಿದಿರುತ್ತದೆ. ಮಾಸು ಬಿದ್ದ ಮೇಲೆ ಆ ಹಾರ್ಮೋನು ಸರ್ರನೆ ಇಳಿಯುತ್ತದೆ, 30ರಿಂದ 72 ಗಂಟೆಗಳೊಳಗೆ ಹಾಲು ಧಾರಾಳವಾಗುತ್ತದೆ. "ಮೂರನೇ ದಿನಕ್ಕೆ ಹಾಲಿಳಿಯಿತು" ಎಂದು ಹಿರಿಯರು ಹೇಳುವುದು ಇದನ್ನೇ. ಅಲ್ಲಿಯವರೆಗೆ ಬರುವುದು ಹಳದಿ ಹಾಲು. ಆ ಬಣ್ಣ ಬೀಟಾ ಕ್ಯಾರೊಟಿನ್‌ನದು. ವಿಟಮಿನ್ ಎ ಕೂಡ ಅದರಲ್ಲಿ ಹೆಚ್ಚು.

ಈ ದಿನಗಳಲ್ಲಿ ಹಾಲು ತಯಾರಿಸುವ ಕೋಶಗಳ ನಡುವಿನ ಸಂದುಗಳು ಇನ್ನೂ ತೆರೆದಿರುತ್ತವೆ. ಅವುಗಳ ಮೂಲಕ ರಕ್ತದ ಸೋಡಿಯಂ ಮತ್ತು ಕ್ಲೋರೈಡ್ ಹಾಲಿಗೆ ನುಸುಳುತ್ತವೆ, ಹಾಲಿನ ಲ್ಯಾಕ್ಟೋಸ್ ಸಕ್ಕರೆ ರಕ್ತಕ್ಕೆ ಸೋರುತ್ತದೆ. ಹಾಗಾಗಿ ಹಳದಿ ಹಾಲಿಗೆ ಉಪ್ಪು ಜಾಸ್ತಿ, ಸಿಹಿ ಕಡಿಮೆ. ಸಂದುಗಳು ಮುಚ್ಚಿಕೊಂಡ ಮೇಲೆ ಸೋಡಿಯಂ ಇಳಿದು ಲ್ಯಾಕ್ಟೋಸ್ ಏರುತ್ತದೆ. ಲ್ಯಾಕ್ಟೋಸ್ ನೀರನ್ನು ತನ್ನತ್ತ ಎಳೆಯುವುದರಿಂದ ಹಾಲಿನ ಪ್ರಮಾಣವೂ ಅದರ ಜೊತೆಗೇ ಏರುತ್ತದೆ. ಮೊದಲ ದಿನ ಒಟ್ಟು ಕೆಲವು ಚಮಚದಷ್ಟಿದ್ದ ಹಾಲು ಐದನೇ ದಿನದ ಹೊತ್ತಿಗೆ 500 ಮಿಲಿ ಆಸುಪಾಸಿಗೆ ಬರುತ್ತದೆ. ಆಮೇಲೆ ಆರನೇ ತಿಂಗಳವರೆಗೂ ದಿನಕ್ಕೆ ಸುಮಾರು 750–800 ಮಿಲಿ.

ಹಳದಿ ಹಾಲಿನ ಪ್ರೋಟೀನ್‌ನಲ್ಲಿ ದೊಡ್ಡ ಪಾಲು ರಕ್ಷಣೆಯ ಪ್ರೋಟೀನ್‌ಗಳದ್ದು. ಐಜಿಎ ಎಂಬ ಪ್ರತಿಕಾಯ ಮತ್ತು ಲ್ಯಾಕ್ಟೋಫೆರಿನ್ ಇವುಗಳಲ್ಲಿ ಮುಖ್ಯ. ನಮ್ಮ ಮನೆಗಳಲ್ಲಿ ಹಸು ಈದಾಗ ಗಿಣ್ಣು ಕಾಯಿಸುತ್ತೇವಲ್ಲ, ಹೆಪ್ಪು ಹಾಕದೆಯೇ ಅದು ಗಟ್ಟಿಯಾಗುವುದು ಇಂಥ ಪ್ರೋಟೀನ್‌ಗಳು ಬಿಸಿಗೆ ಹೆಪ್ಪುಗಟ್ಟುವುದರಿಂದ. ಒಂದು ವ್ಯತ್ಯಾಸವಿದೆ. ಕರುವಿಗೆ ಹೊಟ್ಟೆಯಲ್ಲಿದ್ದಾಗ ತಾಯಿಯ ಪ್ರತಿಕಾಯ ಸಿಕ್ಕಿರುವುದಿಲ್ಲ, ಗಿಣ್ಣಿನಿಂದಲೇ ಅದು ಕರುಳಿನ ಮೂಲಕ ರಕ್ತಕ್ಕೆ ಸೇರಬೇಕು. ಮನುಷ್ಯರ ಮಗುವಿಗೆ ರಕ್ತದ ಪ್ರತಿಕಾಯ ಮಾಸಿನ ಮೂಲಕವೇ ಬಂದಿರುತ್ತದೆ. ಹಳದಿ ಹಾಲಿನ ಐಜಿಎ ಕರುಳಿನ ಒಳಪದರಕ್ಕೆ ಅಂಟಿಕೊಂಡು ಅಲ್ಲೇ ಕಾವಲು ಕಾಯುತ್ತದೆ. ಆ ಪದರ ಇನ್ನೂ ಸಿದ್ಧವಾಗುತ್ತಿರುವ ದಿನಗಳಲ್ಲಿ ಜೇನುತುಪ್ಪ, ಸಕ್ಕರೆ ನೀರು, ಕತ್ತೆ ಹಾಲು ನೆಕ್ಕಿಸಿದರೆ ರೋಗಾಣುಗಳನ್ನು ಕೈಯಾರೆ ಒಳಗೆ ಬಿಟ್ಟಂತೆ. ಜೇನಿನಲ್ಲಿ ಬಾಟ್ಯುಲಿಸಂ ಎಂಬ, ಸ್ನಾಯುಗಳ ಬಲ ಉಡುಗಿಸುವ ಕಾಯಿಲೆ ತರುವ ಬೀಜಾಣುಗಳಿರಬಹುದು, ಒಂದು ವರ್ಷ ತುಂಬುವವರೆಗೆ ಅದು ಬೇಡವೇ ಬೇಡ.

ಇಲ್ಲಿ ಎಚ್ಚರ ತಪ್ಪಬಾರದ ಒಂದು ವಿಷಯವಿದೆ. ಸಿಸೇರಿಯನ್, ಸಕ್ಕರೆ ಕಾಯಿಲೆ, ಹೆಚ್ಚು ತೂಕ, ಗರ್ಭಕೋಶದಲ್ಲಿ ಮಾಸಿನ ಚೂರು ಉಳಿದಿರುವುದು, ಚೊಚ್ಚಲ ಹೆರಿಗೆ, ಇವುಗಳಿಂದ ಹಾಲಿಳಿಯುವುದು ತಡವಾಗಬಹುದು. ಮಗು ಸರಿಯಾಗಿ ಕುಡಿಯದೆ ಎದೆ ಖಾಲಿಯಾಗದಿದ್ದರೂ ಹೀಗೆಯೇ ಆಗುತ್ತದೆ. ಆಗ ಹಾಲಿನ ಪ್ರಮಾಣ ಕಡಿಮೆಯಾಗಿ, ಸೋಡಿಯಂ ಮಾತ್ರ ಏರಿದಲ್ಲೇ ಉಳಿಯುತ್ತದೆ. ಮಗುವಿನ ಮೈಯಲ್ಲಿ ನೀರು ಇಂಗಿ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಹೋಗುತ್ತದೆ. ಇಂಥ ಮಗು ಅತ್ತು ರಂಪ ಮಾಡುವ ಬದಲು ಮಂಕಾಗಿ ಮಲಗಿಬಿಡುತ್ತದೆ, ಮನೆಯವರು "ಪಾಪ, ಸಮಾಧಾನದ ಕೂಸು" ಅಂದುಕೊಳ್ಳುತ್ತಾರೆ. ಹುಟ್ಟು ತೂಕದಲ್ಲಿ ನೂರಕ್ಕೆ 7ರವರೆಗೆ ಇಳಿಯುವುದು ಸಹಜ. 10 ದಾಟಿದರೆ ಅದೇ ದಿನ ವೈದ್ಯರು ನೋಡಬೇಕು. ಐದನೇ ದಿನದ ನಂತರ 24 ಗಂಟೆಯಲ್ಲಿ ಕನಿಷ್ಠ ಆರು ಸಲ ಮೂತ್ರ ಹೋಗಬೇಕು. ಆ ಹೊತ್ತಿಗೂ ಬಟ್ಟೆಯ ಮೇಲೆ ಇಟ್ಟಿಗೆ ಬಣ್ಣದ ಕಲೆ ಕಂಡರೆ ಹಾಲು ಸಾಲುತ್ತಿಲ್ಲವೆಂದು ತಿಳಿಯಬೇಕು. ಎರಡು ವಾರದೊಳಗೆ ಮಗು ಹುಟ್ಟು ತೂಕಕ್ಕೆ ಮರಳಬೇಕು.

ಮಗು ಚೀಪಲಾರದ ಸ್ಥಿತಿಯಲ್ಲಿದ್ದರೆ ಹಳದಿ ಹಾಲನ್ನು ಕೈಯಿಂದಲೇ ತೆಗೆಯಬೇಕು. ಅಷ್ಟು ಕಡಿಮೆ ಹಾಲು ಪಂಪಿನ ಗೋಡೆಗೆ ಅಂಟಿಯೇ ಹೋಗುತ್ತದೆ. ಕೈ ತೊಳೆದು, ಹೆಬ್ಬೆರಳು ಮತ್ತು ತೋರುಬೆರಳನ್ನು ಮೊಲೆತೊಟ್ಟಿನಿಂದ ಮೂರು ನಾಲ್ಕು ಸೆಂಟಿಮೀಟರ್ ಹಿಂದೆ ಎದುರುಬದುರಾಗಿ ಇಡಬೇಕು. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದರತ್ತ ಒಂದು ತಂದು ಬಿಡಬೇಕು. ಚರ್ಮದ ಮೇಲೆ ಬೆರಳು ಜಾರಿಸಬಾರದು, ತೊಟ್ಟನ್ನು ಎಳೆಯಬಾರದು. ಬೆರಳಿನ ಜಾಗ ಸುತ್ತ ಬದಲಿಸುತ್ತ ಒಂದು ಕಡೆ ನಾಲ್ಕೈದು ನಿಮಿಷ, ಆಮೇಲೆ ಇನ್ನೊಂದು ಕಡೆ, ಹೀಗೆ ಒಟ್ಟು 20–30 ನಿಮಿಷ. ಬಂದದ್ದನ್ನು ಕುದಿಸಿ ತೊಳೆದ ಚಮಚದಲ್ಲೋ ಒಳಲೆಯಲ್ಲೋ ಹಿಡಿದು ಹಾಗೆಯೇ ಕುಡಿಸಬಹುದು. ನಮ್ಮ ಹಳೆಯ ಒಳಲೆ ಬಾಟಲಿಗಿಂತ ಎಷ್ಟೋ ಮೇಲು, ಪ್ರತಿ ಸಲ ಕುದಿಸಿದರೆ ಮಾತ್ರ.

ಪ್ರೋಟೀನ್ ಇಳಿಯುವುದು ಕೊರತೆಯಲ್ಲ

ಹಳದಿ ಹಾಲಿನ ನಂತರ ಸುಮಾರು ಎರಡು ವಾರದವರೆಗೆ ನಡುವಿನ ಹಾಲು, ನಾಲ್ಕರಿಂದ ಆರು ವಾರಕ್ಕೆ ಪಕ್ವ ಹಾಲು. ದಿನ ತುಂಬಿ ಹುಟ್ಟಿದ ಮಗುವಿನ ತಾಯಿಯ ಹಾಲಿನಲ್ಲಿ ಮೊದಲ ವಾರ 100 ಮಿಲಿಗೆ ಸುಮಾರು 1.8 ಗ್ರಾಂ ಪ್ರೋಟೀನ್ ಇರುತ್ತದೆ. ಎರಡನೇ ವಾರ 1.3, ತಿಂಗಳ ಕೊನೆಗೆ 1.2, ಮೂರನೇ ತಿಂಗಳಿಗೆ 0.9ರಷ್ಟು. ಕೊಬ್ಬು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿ, ಮೊದಲ ವಾರದ 2 ಗ್ರಾಂ ಚಿಲ್ಲರೆಯಿಂದ 3.4ರ ಆಸುಪಾಸಿಗೆ ಏರುತ್ತದೆ. ಲ್ಯಾಕ್ಟೋಸ್ 7 ಗ್ರಾಂ ಹತ್ತಿರ ನೆಲೆನಿಂತ ಮೇಲೆ ಹೆಚ್ಚು ಅಲ್ಲಾಡುವುದಿಲ್ಲ. ಎಲ್ಲ ಸೇರಿ 100 ಮಿಲಿಗೆ 65–70 ಕಿಲೋಕ್ಯಾಲರಿ.

ಪ್ರೋಟೀನ್ ಅರ್ಧಕ್ಕೆ ಇಳಿಯಿತಲ್ಲ ಎಂದು ಗಾಬರಿಯಾಗಬಹುದು. ಮಗುವಿನ ಬೆಳವಣಿಗೆಯ ವೇಗವೂ ಇಳಿಯುತ್ತಿರುತ್ತದೆ. ಮೊದಲ ಮೂರು ತಿಂಗಳು ದಿನಕ್ಕೆ 25–30 ಗ್ರಾಂ ತೂಕ ಏರುವ ಮಗು ಮುಂದಿನ ಮೂರು ತಿಂಗಳಲ್ಲಿ 15–20 ಗ್ರಾಂ ಏರುತ್ತದೆ. ಒಂದು ಕಿಲೋ ತೂಕಕ್ಕೆ ಬೇಕಾದ ಪ್ರೋಟೀನ್ ಕಡಿಮೆಯಾಗುತ್ತ ಹೋಗುತ್ತದೆ. ಪ್ರೋಟೀನ್‌ನ ಬಗೆಯೂ ಬದಲಾಗುತ್ತದೆ. ಆರಂಭದಲ್ಲಿ ಬೇಗ ಜೀರ್ಣವಾಗುವ ವ್ಹೇ ಮತ್ತು ಹೊಟ್ಟೆಯಲ್ಲಿ ಮೊಸರಾಗುವ ಕೇಸಿನ್ ಸುಮಾರು 90ಕ್ಕೆ 10 ಇದ್ದರೆ, ಪಕ್ವ ಹಾಲಿನಲ್ಲಿ 60ಕ್ಕೆ 40, ತಿಂಗಳುಗಳು ಕಳೆದಂತೆ ಸಮಸಮಕ್ಕೆ ಬರುತ್ತದೆ. ಹಸುವಿನ ಹಾಲಿನಲ್ಲಿ 100 ಮಿಲಿಗೆ 3 ಗ್ರಾಂಗೂ ಮಿಕ್ಕಿ ಪ್ರೋಟೀನ್, ಅದರಲ್ಲಿ ನೂರಕ್ಕೆ 80 ಪಾಲು ಕೇಸಿನ್. ಕರು ಎರಡು ತಿಂಗಳೊಳಗೆ ತೂಕ ದುಪ್ಪಟ್ಟು ಮಾಡಿಕೊಳ್ಳಬೇಕಾದ ಪ್ರಾಣಿ, ಅದಕ್ಕೆ ಅದು ಸರಿ. ಎಳೆಗೂಸಿನ ಮೂತ್ರಪಿಂಡಕ್ಕೆ ಆ ಹೊರೆ ಹೆಚ್ಚು. "ಗಟ್ಟಿ ಹಾಲು" ಎಂಬ ಕಾರಣಕ್ಕೆ ಆರು ತಿಂಗಳೊಳಗೆ ಹಸುವಿನ ಹಾಲು ಕೊಡುವುದು ಅದಕ್ಕಾಗಿಯೇ ಬೇಡ.

ತೆಳ್ಳಗೆ ಕಾಣುವ ಹಾಲು

ಈಗ ಆ "ನೀರು ಹಾಲಿ"ಗೆ ಬರೋಣ. ಹಾಲಿನ ಕೊಬ್ಬು ಸಣ್ಣ ಸಣ್ಣ ಗುಳಿಗೆಗಳ ರೂಪದಲ್ಲಿ ಹಾಲಿನ ಚೀಲಗಳ ಗೋಡೆಗೆ ಅಂಟಿಕೊಂಡಿರುತ್ತದೆ. ಎದೆ ತುಂಬಿರುವಾಗ ಮೊದಲು ಹರಿದು ಬರುವುದು ನೀರು, ಲ್ಯಾಕ್ಟೋಸ್, ಪ್ರೋಟೀನ್. ಚೀಲಗಳು ಹಿಂಡಿಕೊಂಡು ಖಾಲಿಯಾಗುತ್ತ ಬಂದಂತೆ ಕೊಬ್ಬು ಬಿಡಿಸಿಕೊಂಡು ಬರುತ್ತದೆ. ಒಂದೇ ಸಲದ ಹಾಲೂಡಿಕೆಯ ಆರಂಭಕ್ಕೂ ಕೊನೆಗೂ ಕೊಬ್ಬು ಎರಡು ಮೂರು ಪಟ್ಟು ವ್ಯತ್ಯಾಸವಾಗಬಹುದು. ಐದಾರು ಗಂಟೆ ಕುಡಿಸದೆ ಬಿಟ್ಟ ಎದೆಯಿಂದ ಲೋಟಕ್ಕೆ ಹಿಂಡಿದ ಮೊದಲ ಹಾಲು ನೀಲಿ ಛಾಯೆಯ ನೀರಿನಂತೆ ಕಾಣುವುದು ಇದರಿಂದಲೇ. ಅದೇ ತಾಯಿಯ ಅದೇ ದಿನದ ಹಾಲು ಗಂಟೆಗೊಮ್ಮೆ ಕುಡಿಸಿದಾಗ ಮೊದಲ ಹನಿಯಿಂದಲೇ ಗಟ್ಟಿಯಾಗಿರುತ್ತದೆ. ಆದ್ದರಿಂದ ಲೋಟಕ್ಕೆ ಹಿಂಡಿ ಹಾಲಿನ ಗುಣ ಅಳೆಯುವುದನ್ನು ದಯವಿಟ್ಟು ನಿಲ್ಲಿಸಿ. ಪ್ರಯೋಗಾಲಯಕ್ಕೆ ಒಂದು ಹೊತ್ತಿನ ಹಾಲು ಕಳಿಸಿ ಬಂದ ಕೊಬ್ಬಿನ ಅಂಕಿಯನ್ನೂ ನಂಬಬೇಡಿ. ಅರ್ಥವಿರುವ ಅಳತೆ ಬೇಕಾದರೆ 24 ಗಂಟೆಯ ಪ್ರತಿ ಹಾಲೂಡಿಕೆಯ ಮೊದಲು ಮತ್ತು ನಂತರದ ಮಾದರಿ ಬೇಕು.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಇಂಥ ಅಳತೆ ಮಾಡಿದ್ದಾರೆ. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದರಿಂದ ಆರು ತಿಂಗಳ ಮಕ್ಕಳಿದ್ದ 71 ತಾಯಂದಿರಿದ್ದರು. ಎಲ್ಲ ಮಕ್ಕಳೂ ಎದೆಹಾಲಷ್ಟನ್ನೇ ಕುಡಿದು ಚೆನ್ನಾಗಿ ಬೆಳೆಯುತ್ತಿದ್ದರು. ಆದರೆ ದಿನದ ಸರಾಸರಿ ಕೊಬ್ಬು ಒಬ್ಬ ತಾಯಿಗೆ ಲೀಟರಿಗೆ 22 ಗ್ರಾಂ, ಇನ್ನೊಬ್ಬರಿಗೆ 61 ಗ್ರಾಂ. ಹಾಲಿನ ಪ್ರಮಾಣ 478ರಿಂದ 1356 ಗ್ರಾಂವರೆಗೆ. ಎಷ್ಟು ಸಲ ಕುಡಿಯಿತು ಎಂಬುದಕ್ಕೂ ದಿನದಲ್ಲಿ ಒಟ್ಟು ಸಿಕ್ಕ ಕೊಬ್ಬಿಗೂ ಸಂಬಂಧ ಕಾಣಲಿಲ್ಲ. ಹೀಗಾಗಿ "ಇಷ್ಟೇ ನಿಮಿಷ, ಇಷ್ಟೇ ಗಂಟೆಗೆ" ಎಂಬ ಗಡಿಯಾರದ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಮಗು ಒಂದು ಎದೆಯನ್ನು ತಾನಾಗಿ ಬಿಡುವವರೆಗೆ ಕುಡಿಸಿ, ಬೇಕೆಂದರೆ ಇನ್ನೊಂದನ್ನು ಕೊಡಿ.

ಐದು ನಿಮಿಷಕ್ಕೆ ಎದೆ ಬದಲಿಸುವ ಅಭ್ಯಾಸ ತೊಂದರೆ ಕೊಡುವುದು ಹಾಲು ವಿಪರೀತ ಇರುವ ತಾಯಂದಿರಲ್ಲಿ. ಮಗು ಎರಡೂ ಕಡೆಯ ಮೊದಲ ಹಾಲನ್ನೇ ಹೊಟ್ಟೆ ತುಂಬ ಕುಡಿಯುತ್ತದೆ. ಕೊಬ್ಬು ಕಡಿಮೆಯಾದ್ದರಿಂದ ಹಾಲು ಬೇಗ ಕೆಳಗಿಳಿದು, ಅಷ್ಟೂ ಲ್ಯಾಕ್ಟೋಸ್ ಅರಗದೆ ದೊಡ್ಡ ಕರುಳಿನಲ್ಲಿ ಹುಳಿಯುತ್ತದೆ. ಹಸಿರು ನೊರೆ ಮಲ, ಹೊಟ್ಟೆಯುಬ್ಬರ, ಅಳು. ತೂಕ ಮಾತ್ರ ಚೆನ್ನಾಗಿ ಏರುತ್ತಿರುತ್ತದೆ. ಇದು ಲ್ಯಾಕ್ಟೋಸ್ ಅಲರ್ಜಿಯಲ್ಲ, ಹಾಲು ನಿಲ್ಲಿಸಬೇಕಾಗಿಲ್ಲ. ಮೂರು ಗಂಟೆಯ ಅವಧಿಯಲ್ಲಿ ಮಗು ಎಷ್ಟು ಸಲ ಕೇಳಿದರೂ ಅದೇ ಎದೆ ಕೊಟ್ಟರೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಹಾಲು ಕಡಿಮೆಯಿರುವ ತಾಯಿ ಹೀಗೆ ಮಾಡಿದರೆ ಇದ್ದದ್ದೂ ಬತ್ತುತ್ತದೆ, ಆದ್ದರಿಂದ ತೂಕದ ಕಾರ್ಡ್ ನೋಡದೆ ಈ ಸಲಹೆ ಕೊಡಬೇಡಿ.

ಸತು ಮತ್ತು ಕಬ್ಬಿಣ: ಆರು ತಿಂಗಳ ಗಡಿ ಎಲ್ಲಿಂದ ಬಂತು

ಎದೆಹಾಲಿನ ಸತುವಿನಷ್ಟು ಕಡಿದಾಗಿ ಇಳಿಯುವ ಪೋಷಕಾಂಶ ಕಡಿಮೆ. ಎರಡನೇ ವಾರದಲ್ಲಿ ಲೀಟರಿಗೆ 4 ಮಿಲಿಗ್ರಾಂ ಇದ್ದದ್ದು ಮೊದಲ ತಿಂಗಳಿಗೆ 3, ಎರಡಕ್ಕೆ 2, ಆರಕ್ಕೆ 1.2ರಷ್ಟಾಗುತ್ತದೆ. ತಾಯಿ ಸತುವಿನ ಮಾತ್ರೆ ತಿಂದರೂ ಈ ಇಳಿತ ನಿಲ್ಲುವುದಿಲ್ಲ, ಎದೆಯ ಕೋಶಗಳೇ ಅದನ್ನು ನಿಯಂತ್ರಿಸುತ್ತವೆ. ಕಬ್ಬಿಣ ಮೊದಲಿನಿಂದಲೂ ಕಡಿಮೆ, ಲೀಟರಿಗೆ 0.35 ಮಿಲಿಗ್ರಾಂ ಹತ್ತಿರ. ಅದರಲ್ಲಿ ಒಳ್ಳೆಯ ಪಾಲು ಮೈಗೆ ಹತ್ತುತ್ತದೆ ನಿಜ. ಆದರೂ 750 ಮಿಲಿ ಕುಡಿದರೆ ಸಿಗುವುದು 0.26 ಮಿಲಿಗ್ರಾಂ. ಆರು ತಿಂಗಳ ನಂತರ ದಿನಕ್ಕೆ ಮೈಗೆ ಸೇರಲೇಬೇಕಾದದ್ದು ಸುಮಾರು 0.7 ಮಿಲಿಗ್ರಾಂ. ಅಲ್ಲಿಯವರೆಗೆ ಮಗುವನ್ನು ಕಾಪಾಡುವುದು ಹುಟ್ಟುವಾಗಲೇ ಯಕೃತ್ತಿನಲ್ಲಿ ಕೂಡಿಟ್ಟು ತಂದ ಕಬ್ಬಿಣ. ಹೆರಿಗೆಯಾದ ತಕ್ಷಣ ಹೊಕ್ಕುಳುಬಳ್ಳಿ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದರೆ ಈ ಸಂಗ್ರಹ ಹೆಚ್ಚುತ್ತದೆ.

ಆರು ತಿಂಗಳಿಗೆ ಮೇಲಾಹಾರ ಶುರು ಮಾಡಿ ಎನ್ನುವುದಕ್ಕೆ ಈ ಲೆಕ್ಕವೇ ದೊಡ್ಡ ಕಾರಣ. ಆರರಿಂದ ಎಂಟು ತಿಂಗಳಲ್ಲಿ ಎದೆಹಾಲಿನ ಜೊತೆಗೆ ದಿನಕ್ಕೆ 200 ಕಿಲೋಕ್ಯಾಲರಿ ಸಾಕು, ಒಂಬತ್ತರಿಂದ ಹನ್ನೊಂದರಲ್ಲಿ 300. ಕ್ಯಾಲರಿಗಿಂತ ಕಬ್ಬಿಣ ಮತ್ತು ಸತುವಿನ ಅಂತರ ದೊಡ್ಡದು. ನಮ್ಮ ರಾಗಿ ಸರಿಯಲ್ಲಿ ಸುಣ್ಣದ ಅಂಶ ಧಾರಾಳ, ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡಿದರೆ ಫೈಟೇಟ್ ಇಳಿಯುತ್ತದೆ. ಸರಿ ಒಂದರಲ್ಲೇ ನಿಲ್ಲದೆ ಬೇಳೆ, ಮೊಟ್ಟೆ, ತಿನ್ನುವವರ ಮನೆಯಾದರೆ ನುಣ್ಣಗೆ ಅರೆದ ಮಾಂಸ ಅಥವಾ ಲಿವರನ್ನೂ (ಯಕೃತ್ತು) ಸೇರಿಸಿ. ಆರು ತಿಂಗಳಾದ ಮೇಲೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ 1 ಮಿಲಿ. ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಮಲ ಕಪ್ಪಾಗುತ್ತದೆಂದು ನಿಲ್ಲಿಸಬೇಡಿ.

ಬಾಣಂತಿಯ ತಟ್ಟೆ

ಸುಣ್ಣದ ಅಂಶ, ಕಬ್ಬಿಣ, ಸತು, ಫೋಲೇಟ್ ಇವುಗಳ ವಿಷಯದಲ್ಲಿ ಎದೆ ತಾಯಿಯ ಮೈಯಿಂದ ಕಿತ್ತಾದರೂ ಮಗುವಿಗೆ ಕೊಡುತ್ತದೆ. ತಾಯಿ ಸರಿಯಾಗಿ ಉಣ್ಣದಿದ್ದರೆ ಸೊರಗುವವಳು ತಾಯಿ. ಥಯಾಮಿನ್, ರೈಬೋಫ್ಲಾವಿನ್, ಬಿ6, ಬಿ12, ವಿಟಮಿನ್ ಎ ಮತ್ತು ಡಿ, ಅಯೋಡಿನ್, ಸೆಲೆನಿಯಂ ಹಾಗಲ್ಲ. ತಾಯಿಯಲ್ಲಿ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆ.

ನಮ್ಮಲ್ಲಿ ಮುಖ್ಯವಾದದ್ದು ಬಿ12. ಹಾಲು ಮೊಸರನ್ನೂ ಹೆಚ್ಚು ಬಳಸದ ಸಸ್ಯಾಹಾರಿ ತಾಯಿಯ ಹಾಲಿನಲ್ಲಿ ಇದು ತೀರ ಕಡಿಮೆಯಾಗಬಹುದು. ಮೇಲಾಹಾರ ತಡಮಾಡಿ ಎದೆಹಾಲನ್ನೇ ನೆಚ್ಚಿದ ಮಗು ಆರು ತಿಂಗಳ ನಂತರ ಬಿಳಿಚಿಕೊಳ್ಳುತ್ತದೆ, ಕೂದಲು ಕೆಂಚಾಗಿ ವಿರಳವಾಗುತ್ತದೆ, ಬೆರಳ ಗೆಣ್ಣುಗಳು ಕಪ್ಪಾಗುತ್ತವೆ. ಕತ್ತು ನಿಲ್ಲಿಸಿದ್ದು, ನಗುತ್ತಿದ್ದದ್ದು ಮರೆಯುತ್ತದೆ, ಆಮೇಲೆ ಕೈಕಾಲು ನಡುಗತೊಡಗುತ್ತದೆ. ಸರ್ಕಾರಿ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಮ್ಲ ಇದೆ, ಬಿ12 ಇಲ್ಲ. ಸಸ್ಯಾಹಾರಿ ಬಾಣಂತಿಗೆ ಬಿ12 ಪ್ರತ್ಯೇಕವಾಗಿ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು.

ಥಯಾಮಿನ್ ಇನ್ನೊಂದು. ಪಾಲಿಶ್ ಅಕ್ಕಿಯನ್ನು ಹಲವು ಸಲ ತೊಳೆದು, ಗಂಜಿ ಬಸಿದು, ಬರೀ ಅನ್ನ ಮತ್ತು ಮೆಣಸಿನ ಸಾರಿನಲ್ಲಿ ಬಾಣಂತನ ಮುಗಿಸಿದರೆ ಹಾಲಿನಲ್ಲಿ ಥಯಾಮಿನ್ ಬರಿದಾಗುತ್ತದೆ. ಎರಡು ಮೂರು ತಿಂಗಳ ಮಗು ವಾಂತಿ ಮಾಡಿ, ದನಿ ಉಡುಗಿ, ಏದುಸಿರು ಬಿಟ್ಟು, ಹೃದಯ ಸೋತು ಒಂದೇ ದಿನದಲ್ಲಿ ಕೈತಪ್ಪಬಹುದು. ಸಕಾಲಕ್ಕೆ ಥಯಾಮಿನ್ ಚುಚ್ಚುಮದ್ದು ಬಿದ್ದರೆ ಗಂಟೆಗಳಲ್ಲಿ ಚೇತರಿಸಿಕೊಳ್ಳುತ್ತದೆ. ಕರಾವಳಿಯ ಕುಚ್ಚಲಕ್ಕಿಯಲ್ಲಿ ಈ ಅಂಶ ಉಳಿದಿರುತ್ತದೆ. ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಅಂಟಿನ ಉಂಡೆ, ಅಳವಿ ಪಾಯಸ ಎಲ್ಲ ಇರಲಿ. ತೊಂದರೆ ಕೊಡುವುದು ಪಥ್ಯದ ಹೆಸರಿನಲ್ಲಿ ಬೇಳೆ, ಸೊಪ್ಪು, ಹಣ್ಣು, ನೀರು ಕಡಿತ ಮಾಡುವುದು. ಮೊದಲ ಆರು ತಿಂಗಳು ಬಾಣಂತಿಗೆ ದಿನಕ್ಕೆ ಹೆಚ್ಚುವರಿಯಾಗಿ 600 ಕಿಲೋಕ್ಯಾಲರಿ ಮತ್ತು 17 ಗ್ರಾಂ ಪ್ರೋಟೀನ್ ಬೇಕೆಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುತ್ತದೆ, ನಂತರದ ಆರು ತಿಂಗಳಿಗೆ 520 ಮತ್ತು 13.

ತುಪ್ಪ ತಿಂದರೆ ಹಾಲಿನ ಒಟ್ಟು ಕೊಬ್ಬು ಹೆಚ್ಚುವುದಿಲ್ಲ, ಕೊಬ್ಬಿನ ಬಗೆ ಬದಲಾಗುತ್ತದೆ. ಮಿದುಳಿಗೆ ಬೇಕಾದ ಡಿಎಚ್‌ಎ ಎಂಬ ಕೊಬ್ಬು ಬಂಗುಡೆ, ಬೂತಾಯಿ ತಿನ್ನುವ ತಾಯಿಯ ಹಾಲಿನಲ್ಲಿ ಹೆಚ್ಚು. ಅಗಸೆ ಬೀಜದ ಕೊಬ್ಬು ಡಿಎಚ್‌ಎ ಆಗುವುದು ಅತ್ಯಲ್ಪ. ಇನ್ನು ವಿಟಮಿನ್ ಡಿ ಮತ್ತು ಕೆ ಎಂಥ ಊಟದಿಂದಲೂ ಹಾಲಿನಲ್ಲಿ ಸಾಕಷ್ಟು ಬರುವುದಿಲ್ಲ. ಮಗುವಿಗೆ ಹುಟ್ಟಿದಾಗ ಕೆ ಚುಚ್ಚುಮದ್ದು, ಮೊದಲ ವರ್ಷವಿಡೀ ದಿನಕ್ಕೆ 400 ಐಯು ಡಿ ಹನಿ.

ತಿಂಗಳು ತುಂಬದೆ ಹುಟ್ಟಿದ ಮಗು

ಅವಧಿಗೆ ಮುನ್ನ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ವಾರ ಪ್ರೋಟೀನ್ 100 ಮಿಲಿಗೆ 2.2 ಗ್ರಾಂವರೆಗೂ ಇರುತ್ತದೆ. ಆದರೆ ತಿಂಗಳೊಳಗೆ ಅದೂ 1.4ಕ್ಕೆ ಇಳಿಯುತ್ತದೆ. ಒಂದು ಕಿಲೋಗೆ 180 ಮಿಲಿ ಕುಡಿಸಿದರೂ ಸಿಗುವುದು 2.5 ಗ್ರಾಂ, ಬೇಕಾದದ್ದು 3.5ರಿಂದ 4.5. ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಎನ್‌ಐಸಿಯುಗಳಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ) ತಾಯಿಯ ಹಾಲಿಗೇ ಪುಷ್ಟಿಪುಡಿ ಬೆರೆಸುವುದು ಈ ಅಂತರ ತುಂಬಲು. ಅದನ್ನು ಕಂಡು "ನನ್ನ ಹಾಲು ಒಳ್ಳೆಯದಲ್ಲವಂತೆ" ಎಂದು ತಾಯಿ ಹಾಲು ತೆಗೆಯುವುದನ್ನೇ ಬಿಟ್ಟುಬಿಡುತ್ತಾಳೆ. ಪುಡಿ ಬೆರೆಸಲಿಕ್ಕೂ ಅವಳ ಹಾಲೇ ಬೇಕು ಎಂದು ಮೊದಲೇ ಹೇಳಿಬಿಡಬೇಕು. ದಾನವಾಗಿ ಬಂದ ಎದೆಹಾಲು ಕೂಡಿಡುವ ಹಾಲಿನ ಬ್ಯಾಂಕಿನ ಹಾಲು ಹೆಚ್ಚಾಗಿ ದಿನ ತುಂಬಿ ಹೆತ್ತವರದು, ಹೆರಿಗೆಯಾಗಿ ತಿಂಗಳುಗಳಾದವರದು, ಅದರಲ್ಲಿ ಪ್ರೋಟೀನ್ ಇನ್ನೂ ಕಡಿಮೆ. ಏಷ್ಯಾದ ಮೊದಲ ಹಾಲಿನ ಬ್ಯಾಂಕ್ 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಶುರುವಾಯಿತು. ಅಲ್ಲಿಂದ ಇಲ್ಲಿಯವರೆಗೂ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುವುದೇ ಪದ್ಧತಿ. ಇದರಿಂದ ರೋಗಾಣು ಸಾಯುತ್ತವೆ, ಜೊತೆಗೆ ಜೀವಕೋಶಗಳು ಮತ್ತು ಕೊಬ್ಬನ್ನು ಅರಗಿಸುವ ಲೈಪೇಸ್ ಹೋಗುತ್ತವೆ.

ನಳಿಕೆಯಲ್ಲಿ ಹಾಲು ಕೊಡುವಾಗ ಕೊಬ್ಬು ಕಳೆದುಹೋಗುವುದನ್ನೂ ಗಮನಿಸಬೇಕು. ಸಿರಿಂಜ್ ಪಂಪಿನಲ್ಲಿ ಗಂಟೆಗಟ್ಟಲೆ ನಿಧಾನ ಬಿಟ್ಟರೆ ಕೊಬ್ಬು ಮೇಲೆ ತೇಲಿ ಸಿರಿಂಜಿಗೂ ನಳಿಕೆಗೂ ಅಂಟುತ್ತದೆ. ಸಾಧ್ಯವಾದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಹೊತ್ತುಹೊತ್ತಿಗೆ ಕೊಡಬೇಕು. ಪಂಪ್ ಬಿಟ್ಟರೆ ಗತಿಯಿಲ್ಲವೆಂದಾದರೆ ಸಿರಿಂಜಿನ ತುದಿ ಮೇಲಿರುವಂತೆ ನಿಲ್ಲಿಸಬೇಕು, ಆಗ ತೇಲಿದ ಕೊಬ್ಬು ಮೊದಲು ಹೋಗುತ್ತದೆ. ತಾಯಿಗೆ ಹಾಲು ಮಿಗುವಷ್ಟಿದ್ದು ಮಗು ತೂಕ ಏರದಿದ್ದರೆ, ಮೊದಲ ಎರಡು ಮೂರು ನಿಮಿಷದ ಹಾಲನ್ನು ಬೇರೆ ತೆಗೆದಿಟ್ಟು ಕೊನೆಯ ಹಾಲು ಕುಡಿಸಬಹುದು. ಇದರಿಂದ ಕ್ಯಾಲರಿ ಹೆಚ್ಚುತ್ತದೆ, ಪ್ರೋಟೀನ್ ಮತ್ತು ಸುಣ್ಣದ ಅಂಶ ಹೆಚ್ಚುವುದಿಲ್ಲ.

ವರ್ಷ ದಾಟಿದ ಮೇಲೆ

"ವರ್ಷವಾದ ಮೇಲೆ ಹಾಲಿನಲ್ಲಿ ಸತ್ವವಿಲ್ಲ" ಎನ್ನುವುದಕ್ಕೆ ಆಧಾರವಿಲ್ಲ. ಹನ್ನೊಂದರಿಂದ ಹದಿನೇಳನೇ ತಿಂಗಳವರೆಗೆ ಒಂದೇ ತಾಯಂದಿರನ್ನು ಅನುಸರಿಸಿ 2017ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಪ್ರೋಟೀನ್, ಲ್ಯಾಕ್ಟೋಫೆರಿನ್, ಲೈಸೋಜೈಮ್, ಐಜಿಎ ಏರಿದ್ದವು. ಸತು ಮತ್ತು ಸುಣ್ಣದ ಅಂಶ ಇಳಿದಿದ್ದವು. ಕೊಬ್ಬು, ಲ್ಯಾಕ್ಟೋಸ್ ಹಾಗೆಯೇ ಇದ್ದವು. ನಡೆಯಲು ಕಲಿತು ನೆಲದ ಮೇಲಿನದನ್ನೆಲ್ಲ ಬಾಯಿಗಿಡುವ ಮಗುವಿಗೆ ಆ ರಕ್ಷಣೆಯ ಪ್ರೋಟೀನ್‌ಗಳು ಬೇಕಾದವೇ. ಎರಡನೇ ವರ್ಷದಲ್ಲಿ ಮಗುವಿನ ಶಕ್ತಿಯ ಅಗತ್ಯದ ಮೂರನೇ ಒಂದು ಪಾಲು ಎದೆಹಾಲಿನಿಂದ ಬರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದ ಎರಡು ಪಾಲು ಊಟದ್ದು. ಊಟ ಮುಟ್ಟದೆ ದಿನವಿಡೀ ಎದೆಗೆ ಅಂಟಿಕೊಂಡ ಮಗುವಿಗೆ ರಕ್ತಹೀನತೆ ಬರುವುದು ಹಾಲಿನ ತಪ್ಪಲ್ಲ, ಆ ಎರಡು ಪಾಲು ಇಲ್ಲದ್ದರಿಂದ.

ಹಾಲು ಬಿಡಿಸುವಾಗ ದಿನದ ಪ್ರಮಾಣ 400 ಮಿಲಿಗಿಂತ ಕೆಳಗಿಳಿದ ಮೇಲೆ ಕೋಶಗಳ ನಡುವಿನ ಸಂದುಗಳು ಮತ್ತೆ ತೆರೆದುಕೊಳ್ಳುತ್ತವೆ. ಸೋಡಿಯಂ ಮತ್ತು ಪ್ರೋಟೀನ್ ಏರಿ ಲ್ಯಾಕ್ಟೋಸ್ ಇಳಿಯುತ್ತದೆ, ಹಾಲು ಉಪ್ಪಾಗುತ್ತದೆ. ಮಗು ತಾನಾಗಿ ಮುಖ ತಿರುಗಿಸಲು ಇದೂ ಒಂದು ಕಾರಣ. ಎದೆಯ ಸೋಂಕಿನಲ್ಲೂ ಇದೇ ಆಗುತ್ತದೆ. ಚೆನ್ನಾಗಿ ಕುಡಿಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಒಂದು ಕಡೆಯ ಎದೆಯನ್ನು ಮಾತ್ರ ಬೇಡವೆಂದರೆ ಅಲ್ಲಿ ಗಂಟು, ನೋವು, ಕೆಂಪು ಇದೆಯೇ ನೋಡಿ. ಸೋಂಕಿದ್ದರೂ ಆ ಹಾಲು ಮಗುವಿಗೆ ಹಾನಿ ಮಾಡುವುದಿಲ್ಲ. ಕುಡಿಯಲು ಒಪ್ಪದಿದ್ದರೆ ಕೈಯಿಂದ ತೆಗೆಯುತ್ತಿರಿ, ಜ್ವರ ಬಂದರೆ ಅಥವಾ ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಿ. ಬಿಡಿಸುವುದೇ ಆದರೆ ಬೇವು, ಖಾರ ಹಚ್ಚಿ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಕೆಲವು ದಿನಗಳಿಗೊಂದರಂತೆ ಒಂದೊಂದು ಹೊತ್ತಿನ ಹಾಲು ಬಿಡಿಸುತ್ತ, ಮೊದಲು ಹಗಲಿನವು, ಕೊನೆಗೆ ರಾತ್ರಿಯದು. ಎದೆ ಕಟ್ಟಿದಾಗ ಬಿಗಿತ ಹೋಗುವಷ್ಟು ಮಾತ್ರ ಹಾಲು ತೆಗೆಯಿರಿ, ಪೂರ್ತಿ ಖಾಲಿ ಮಾಡಿದರೆ ಅದು ಮತ್ತೆ ತುಂಬಿಕೊಳ್ಳುತ್ತದೆ.